ತರಗತಿಯಲ್ಲಿ ಹುಡುಗಿಯರೇ ಹೆಚ್ಚು, ಸ್ಟುಡಿಯೋದಲ್ಲಿ ಎಲ್ಲಿ ಹೋದರು? ದಾವಣಗೆರೆ, ದುರ್ಗದ ಅನಿಮೇಷನ್ ಮಂದಿ ಮಾತಾಡೋಣ

ಹದಡಿ ರಸ್ತೆ ಮೇಡಂ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಆರು ವರ್ಷ ದುಡಿದು, ಆಮೇಲೆ ಊರಿಗೆ ಬಂದು ಹತ್ತು ವರ್ಷದಿಂದ ದಾವಣಗೆರೆಯಲ್ಲೇ ಅನಿಮೇಷನ್ ಕಲಿಸುತ್ತಿದ್ದೇನೆ. ಒಂದು ಸಂಕಟ ಹೇಳಿಕೊಳ್ಳಬೇಕು. ಸ್ವಲ್ಪ ಉದ್ದ ಆಗುತ್ತೆ, ಪುರಸೊತ್ತು ಮಾಡಿಕೊಂಡು ಓದಿ.

ಹೋದ ವಾರ ಕಪಾಟು ಜೋಡಿಸುವಾಗ ಹಳೇ ಹಾಜರಿ ಪುಸ್ತಕ ಸಿಕ್ಕಿತು. ಆರು ವರ್ಷದ ಹಿಂದಿನ ಬ್ಯಾಚು. ಒಟ್ಟು 14 ಮಕ್ಕಳು, ಅವರಲ್ಲಿ 9 ಹುಡುಗಿಯರು. ಕೂತಲ್ಲೇ ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. 5 ಹುಡುಗರಲ್ಲಿ 4 ಜನ ಇವತ್ತಿಗೂ ಇದೇ ಕೆಲಸದಲ್ಲಿದ್ದಾರೆ, ಒಬ್ಬ ಲೀಡ್ ಆಗಿದ್ದಾನೆ. 9 ಹುಡುಗಿಯರಲ್ಲಿ ಉಳಿದವರು ಇಬ್ಬರೇ. ಇಬ್ಬರೂ ಸೇರಿದ ದಿನ ಯಾವ ಪೇಂಟ್ ವಿಭಾಗದಲ್ಲಿ ಕೂತರೋ ಅಲ್ಲೇ ಇದ್ದಾರೆ. ಮಿಕ್ಕವರಲ್ಲಿ ಒಬ್ಬಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ಒಬ್ಬಳು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಾಳೆ, ಒಬ್ಬಳು ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ನಾಲ್ವರು ಮದುವೆಯಾದ ಮೇಲೆ ಬಿಟ್ಟವರು. ಅವರಲ್ಲೊಬ್ಬಳು, "ಮೇಡಂ, ಪೆನ್ ಟ್ಯಾಬ್ಲೆಟ್ ಇನ್ನೂ ಇಟ್ಕೊಂಡಿದೀನಿ, ಮಗು ಕೈಗೆ ಸಿಗದ ಹಾಗೆ ಅಟ್ಟದ ಮೇಲೆ" ಅಂದಳು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಇವರಿಗೆಲ್ಲ ಕೈ ಇರಲಿಲ್ಲ, ಕಲೆ ಇರಲಿಲ್ಲ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಬ್ಬಳ ಕಥೆ ಹೇಳುತ್ತೇನೆ, ಹೆಸರು ಬೇಡ. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ನಾನು ತರಗತಿಗೆ "ಭಾರ ಎತ್ತುವ ಮನುಷ್ಯ" ಅಂತ ಎರಡು ಸೆಕೆಂಡಿನ ಅಭ್ಯಾಸ ಕೊಟ್ಟಿದ್ದೆ. ಸೆಕೆಂಡಿಗೆ 24 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿದರೂ ಎರಡು ಸೆಕೆಂಡಿಗೆ 24 ಚಿತ್ರ ಬರೆಯಬೇಕು. ಬಹಳಷ್ಟು ಮಕ್ಕಳು ವಿಡಿಯೋ ನೋಡಿ ಜಿಮ್ಮಿನಲ್ಲಿ ತೂಕ ಎತ್ತುವವನನ್ನು ಬರೆದು ತಂದರು. ಇವಳು ಎರಡು ದಿನ ಭಟ್ಟಿಯಲ್ಲಿ ಅಮ್ಮನ ಎದುರು ಕೂತು ಬರೆದುಕೊಂಡು ಬಂದಿದ್ದಳು. ಕಾದ ಮರಳಿನಲ್ಲಿ ಅಕ್ಕಿ ಅರಳಿದ ತಕ್ಷಣ ಅಷ್ಟನ್ನೂ ಬಾಚಿ ಜರಡಿಗೆ ಎತ್ತಿ ಹಾಕಬೇಕು, ಒಂದು ಗಳಿಗೆ ತಡವಾದರೂ ಸೀದು ಹೋಗುತ್ತದೆ. ಅವಳ ಹಾಳೆಗಳನ್ನು ಒಂದರ ಹಿಂದೆ ಒಂದು ಸರಸರ ಮಗುಚಿ ನೋಡಿದೆ. ಮೊದಲ ಮೂರು ಚಿತ್ರದಲ್ಲಿ ಕೈ ಅಲ್ಲಾಡುವುದೇ ಇಲ್ಲ. ಮುಖ ಮಾತ್ರ ಪಕ್ಕಕ್ಕೆ ತಿರುಗುತ್ತದೆ, ಎಡ ಹಿಮ್ಮಡಿ ನೆಲಕ್ಕೆ ಒತ್ತುತ್ತದೆ. ನಾಲ್ಕನೇ ಚಿತ್ರದಲ್ಲಿ ಸೊಂಟ ಕುಸಿಯುತ್ತದೆ. ಆಮೇಲೆ ಕೈ. "ಝಳ ಮುಖಕ್ಕೆ ಹೊಡೆಯುತ್ತಲ್ಲ ಮೇಡಂ, ಅದಕ್ಕೆ ಅಮ್ಮ ಮೊದಲು ಮುಖ ತಪ್ಪಿಸ್ತಾಳೆ. ಅವಳಿಗೇ ಗೊತ್ತಿಲ್ಲ ಹಾಗೆ ಮಾಡ್ತಾಳೆ ಅಂತ." ಚಲನೆಗೆ ಮುಂಚೆ ದೇಹ ಮಾಡಿಕೊಳ್ಳುವ ಸಿದ್ಧತೆ ಅಂತ ನಾವು ಒಂದು ತಿಂಗಳು ಪಾಠ ಮಾಡುವುದನ್ನು ಅವಳು ಅಮ್ಮನ ಹಿಮ್ಮಡಿಯಲ್ಲಿ ಕಂಡುಕೊಂಡಿದ್ದಳು.

ಇಂಥ ಕೆಲಸವನ್ನೆಲ್ಲ ಸೇರಿಸಿದ ಶೋರೀಲ್, ಅಂದರೆ ಮಾದರಿ ವಿಡಿಯೋ, ಹಿಡಿದು ಬೆಂಗಳೂರಿಗೆ ಹೋದಳು. ಸಂದರ್ಶನದಲ್ಲಿ ಹೇಳಿದ್ದು, "ನಿಮ್ಮ ಲೈನ್ ತುಂಬಾ ನೀಟಾಗಿದೆ, ಕ್ಲೀನಪ್‌ಗೆ ಸೇರಿ." ಅಂದರೆ ಬೇರೆಯವರು ಬರೆದ ಚಿತ್ರದ ಗೆರೆ ಅಚ್ಚುಕಟ್ಟು ಮಾಡುವ ಕೆಲಸ. ಅವಳ ಜೊತೆ ಹೋಗಿದ್ದ ಹುಡುಗನಿಗೆ ಅನಿಮೇಟರ್ ಟ್ರೈನಿ ಕೆಲಸ ಸಿಕ್ಕಿತು. ಅವನೂ ನನ್ನ ಶಿಷ್ಯನೇ, ಒಳ್ಳೆಯ ಹುಡುಗ. ಆದರೆ ಅವನ ರೀಲಿನಲ್ಲಿ ಜೀವ ಅಷ್ಟಿರಲಿಲ್ಲ, ಅದು ಅವನಿಗೂ ಗೊತ್ತು. ಮೂರು ವರ್ಷ ಬೇರೆಯವರ ಗೆರೆ ತಿದ್ದಿ ಅವಳು ವಾಪಸ್ ಬಂದಳು.

1938ರಲ್ಲಿ ಡಿಸ್ನಿ ಸ್ಟುಡಿಯೋ ಕೆಲಸ ಕೇಳಿದ ಹುಡುಗಿಯೊಬ್ಬಳಿಗೆ ಬರೆದ ಉತ್ತರ ಇವತ್ತಿಗೂ ಓದಲು ಸಿಗುತ್ತದೆ. ತೆರೆಗೆ ಕಾರ್ಟೂನ್ ಸಿದ್ಧಪಡಿಸುವ ಸೃಜನಶೀಲ ಕೆಲಸವನ್ನು ಹೆಂಗಸರು ಮಾಡುವುದಿಲ್ಲ, ಅದನ್ನು ಪೂರ್ತಿ ಯುವಕರೇ ಮಾಡುತ್ತಾರೆ. ಹುಡುಗಿಯರಿಗೆ ಇರುವ ಒಂದೇ ಕೆಲಸ ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ತಿದ್ದುವುದು, ಹಿಂಬದಿಗೆ ಬಣ್ಣ ತುಂಬುವುದು, ಅಂತ ಅದರಲ್ಲಿದೆ. ಇವತ್ತು ಯಾರೂ ಹೀಗೆ ಕಾಗದದಲ್ಲಿ ಬರೆದು ಕೊಡುವುದಿಲ್ಲ. "ಲೈನ್ ನೀಟಾಗಿದೆ" ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದ ವಿಮೆನ್ ಇನ್ ಅನಿಮೇಷನ್ ಸಂಸ್ಥೆ ವರ್ಷಗಳಿಂದ ಹೇಳುತ್ತಾ ಬಂದಿರುವ ಲೆಕ್ಕ ಇದೆ: ಅನಿಮೇಷನ್ ಕಲಿಯುವವರಲ್ಲಿ ಶೇ. 60ರಷ್ಟು ಹೆಣ್ಣುಮಕ್ಕಳು, ಸೃಜನಶೀಲ ಹುದ್ದೆಗಳಲ್ಲಿ ಶೇ. 20. 2019ರಲ್ಲಿ ಅದೇ ಸಂಸ್ಥೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ 2007ರಿಂದ 2018ರವರೆಗಿನ 120 ದೊಡ್ಡ ಅನಿಮೇಷನ್ ಚಿತ್ರಗಳನ್ನು ನೋಡಿದಾಗ ನಿರ್ದೇಶಕರಲ್ಲಿ ಹೆಂಗಸರು ಶೇ. 3 ಮಾತ್ರ. ಅಂದರೆ ಕಲಿಯುವ ಬಾಗಿಲು ತೆರೆದಿದೆ. ಹುಡುಗಿಯರು ಒಳಗೆ ಬಂದಿದ್ದಾರೆ, ಚೆನ್ನಾಗಿಯೇ ಕಲಿತಿದ್ದಾರೆ. ತರಗತಿಯ ಹೊಸ್ತಿಲಿನಿಂದ ಸ್ಟುಡಿಯೋದ ಐದನೇ ವರ್ಷದವರೆಗಿನ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದ್ದಾರೆ.

ನನ್ನ ಪ್ರಶ್ನೆ ಸ್ಟುಡಿಯೋದವರಿಗೆ ಮಾತ್ರ ಅಲ್ಲ, ಕಲಿಸುವ ನಮಗೂ ಇದೆ. ಆ ಬ್ಯಾಚಿನ ಗುಂಪು ಪ್ರಾಜೆಕ್ಟಿನ ಕಡತ ತೆಗೆದು ನೋಡಿದೆ. ಒನಕೆ ಓಬವ್ವನ ಮೇಲೆ ಒಂದು ನಿಮಿಷದ ಚಿತ್ರ. ನಿರ್ದೇಶನ ಹುಡುಗ, ಸ್ಟೋರಿಬೋರ್ಡ್ ಹುಡುಗ, ಬಣ್ಣ ಮತ್ತು ಕ್ಲೀನಪ್ ನಾಲ್ಕು ಹುಡುಗಿಯರು. ಹಂಚಿದವಳು ನಾನೇ. ಓಬವ್ವನ ಕಥೆಯಲ್ಲೂ ಹುಡುಗಿಯರ ಕೈಗೆ ಕುಂಚ ಕೊಟ್ಟು ಕೂರಿಸಿದ್ದೆ. ಇದನ್ನು ನೋಡಿದಾಗಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ.

ನಿಮ್ಮ ಅನುಭವ ಹೇಳಿ. ಕಲಿತವರು, ಬಿಟ್ಟವರು, ಕಲಿಸುವವರು, ಅಪ್ಪ ಅಮ್ಮಂದಿರು, ಎಲ್ಲರೂ.

ಜಗಳೂರಿನ ಅಪ್ಪ

ಮೇಡಂ ನಮಸ್ಕಾರ್ರಿ. ನಿಮ್ಮ ಬರಹ ನನ್ನ ಮಗಳೇ ಓದಿ ಅಂತ ಕಳಿಸಿದ್ದು. ಪಿಯುಸಿ ಮುಗಿಸ್ಯಾಳೆ, ಅನಿಮೇಷನ್ನೇ ಮಾಡ್ತೀನಿ ಅಂತ ಹಠ ಹಿಡಿದಾಳೆ. ಚಿತ್ರ ಬರೀತಾಳೆ, ಅದ್ರಾಗೆ ಎರಡು ಮಾತಿಲ್ಲ. ಬಸ್ಸಿನ ಚಿಂತೆ ಇಲ್ಲ, ಶಕ್ತಿ ಯೋಜನೆ ಐತೆ, ಜಗಳೂರಿಂದ ದಾವಣಗೆರೆಗೆ ದಿನಾ ಓಡಾಡ್ಬಹುದು. ಫೀಸೂ ಹೆಂಗೋ ಹೊಂದಿಸ್ತೀನಿ, ಈ ಸಲ ಮೆಕ್ಕೆಜೋಳ ಕೈ ಹಿಡಿದೈತೆ.

ನನ್ ಭಯ ಬೇರೆ. ಕಲಿತ ಮೇಲೆ ಬೆಂಗಳೂರಿಗೆ ಹೋಗ್ಬೇಕು. ರಾತ್ರಿ ಎಲ್ಲಾ ಕೆಲಸ ಅಂತಾರೆ. 2025ರ ಫೆಬ್ರವರಿಯಾಗೆ ಟೆಕ್ನಿಕಲರ್ ಅನ್ನೋ ದೊಡ್ಡ ಕಂಪನಿ ಬಾಗಿಲು ಹಾಕ್ತು, ಬೆಂಗಳೂರಾಗೂ ಸಾವಿರಾರು ಹುಡುಗ್ರು ಬೀದಿಗೆ ಬಂದ್ರು ಅಂತ ಪೇಪರ್ನಾಗೆ ಓದೀನಿ. ನೀವೇ ಹೇಳ್ತೀರಿ, 9ರಾಗೆ 2 ಉಳಿದ್ರು ಅಂತ. ಹಂಗಾದ್ರೆ ನಾನು ಯಾವ ಧೈರ್ಯದ ಮೇಲೆ ಕಳಿಸ್ಲಿ? ಹೆಣ್ಣು ಅಂತ ಬೇಡ ಅಂತಿಲ್ಲ. ಮಗ ಇದ್ದಿದ್ರೂ ಕೇಳ್ತಿದ್ದೆ. ಆದ್ರೆ ಮಗ ಆಗಿದ್ರೆ ಇಷ್ಟು ಕೇಳ್ತಿದ್ನೋ ಇಲ್ವೋ, ಅದನ್ನೂ ನಾನು ಯೋಚನೆ ಮಾಡಾಕತ್ತೀನಿ.

ಕೋಟೆ ಊರಿನವಳು

ಅಣ್ಣಾ, ನಾನು ಚಿತ್ರದುರ್ಗದವಳು. ಬೆಂಗಳೂರಿನಲ್ಲಿ ಕಂಪೋಸಿಟಿಂಗ್, ಅಂದರೆ ಬೇರೆ ಬೇರೆ ಚಿತ್ರಗಳನ್ನು ಒಂದೇ ದೃಶ್ಯವಾಗಿ ಹೊಂದಿಸುವ ಕೆಲಸ, ಮಾಡುತ್ತಾ 11 ವರ್ಷ ಆಯಿತು. ನಿಮ್ಮ ಪ್ರಶ್ನೆ ನನ್ನ ಅಪ್ಪನೂ ಕೇಳಿದ್ದರು. ಸುಳ್ಳು ಧೈರ್ಯ ಕೊಡುವುದಿಲ್ಲ, ಆಗಿದ್ದನ್ನೇ ಹೇಳುತ್ತೇನೆ.

ಮೊದಲ ನಾಲ್ಕು ವರ್ಷ ನನಗೆ ಯಾವ ತೊಂದರೆಯೂ ಆಗಲಿಲ್ಲ. ಕಷ್ಟದ ಶಾಟ್ ಬಂದರೆ ನನ್ನ ಮೇಜಿಗೇ ಬರುತ್ತಿತ್ತು. ಮಗು ಆಯಿತು. ಕಾನೂನಿನ ಪ್ರಕಾರ 26 ವಾರ ರಜೆ ಸಿಕ್ಕಿತು, ಸಂಬಳವೂ ಬಂತು, ಅದನ್ನು ಒಪ್ಪಿಕೊಳ್ಳಬೇಕು. ವಾಪಸ್ ಹೋದ ಸೋಮವಾರ ನನ್ನ ಸಿಸ್ಟಂ ತೆರೆದೆ. ನನ್ನ ಹೆಸರಿನ ಮುಂದೆ ಇದ್ದದ್ದು ತಂತಿ ಅಳಿಸುವ ಶಾಟುಗಳು. ಸಾಹಸ ದೃಶ್ಯದಲ್ಲಿ ನಟನನ್ನು ಎತ್ತಿ ಹಿಡಿದ ತಂತಿ ಇರುತ್ತಲ್ಲ, ಫ್ರೇಮಿನಿಂದ ಫ್ರೇಮಿಗೆ ಅದನ್ನು ಅಳಿಸುತ್ತಾ ಹೋಗುವುದು. ಸೇರಿದ ಮೊದಲ ವರ್ಷ ಮಾಡಿದ್ದ ಕೆಲಸ. ಕೇಳಿದ್ದಕ್ಕೆ "ನಿಮಗೇ ಅನುಕೂಲ ಆಗಲಿ ಅಂತ, ಬೇಗ ಮನೆಗೆ ಹೋಗಬಹುದು" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನ್ನನ್ನು ಒಂದು ಮಾತು ಕೇಳಲಿಲ್ಲ. ಮಾಡಿದ ಶಾಟುಗಳನ್ನು ಎಲ್ಲರೂ ಕೂತು ನೋಡುವ ರಿವ್ಯೂ ರಾತ್ರಿ ಎಂಟಕ್ಕೆ ಇಟ್ಟರು. ರಿವ್ಯೂದಲ್ಲಿ ಇಲ್ಲದವರ ಶಾಟ್ ಮೇಲೆ ಯಾರೂ ವಾದ ಮಾಡುವುದಿಲ್ಲ. ಆರು ತಿಂಗಳಿಗೆ ನಾನು ಅಲ್ಲಿ ಇದ್ದೂ ಇಲ್ಲದ ಹಾಗೆ ಆಗಿಹೋದೆ. ಕಂಪನಿ ಬದಲಾಯಿಸಿದೆ, ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಿದೆ, ಹೋದ ವರ್ಷ ಸೀನಿಯರ್ ಆದೆ. ನನ್ನ ಜೊತೆ ಸೇರಿದ ಹುಡುಗರು ಸೀನಿಯರ್ ಆಗಿ ಐದು ವರ್ಷ ಆಯಿತು.

ಆದರೂ ಮಗಳನ್ನು ಕಳಿಸಿ ಅಂತಲೇ ಹೇಳುತ್ತೇನೆ. ಕಳಿಸುವಾಗ ಇವಿಷ್ಟು ಕಲಿಸಿ ಕಳಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಯಾವ ಕಚೇರಿಯಲ್ಲೂ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಇದು 2013ರ ಕಾನೂನು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಸೇರುವ ದಿನವೇ ಕೇಳಲಿ. ಹತ್ತು ಜನ ಇಲ್ಲದ ಸಣ್ಣ ಸ್ಟುಡಿಯೋ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ದಾವಣಗೆರೆಯಲ್ಲೂ ಕೊಡಬಹುದು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಶಿಶುಪಾಲನಾ ಕೇಂದ್ರ ಇರಬೇಕು. ರಾತ್ರಿ ತಡವಾದರೆ ಗಾಡಿ ಯಾರದು ಅಂತ ಕೇಳಲಿ. ಎಲ್ಲಕ್ಕಿಂತ ಮುಖ್ಯ, ಆಫರ್ ಲೆಟರಿನಲ್ಲಿ ಹುದ್ದೆಯ ಹೆಸರು ಏನಂತ ಬರೆದಿದ್ದಾರೆ ನೋಡಿಯೇ ಸಹಿ ಹಾಕಲಿ. "ಆಮೇಲೆ ಅನಿಮೇಷನ್‌ಗೆ ಹಾಕ್ತೀವಿ" ಅನ್ನುವ ಬಾಯಿಮಾತು ನಂಬಿ ಪೇಂಟಿನಲ್ಲಿ ಏಳು ವರ್ಷ ಕೂತವರನ್ನು ನಾನು ಕಂಡಿದ್ದೇನೆ.

ಇದರಲ್ಲಿ ಒಂದೂ ನನಗೆ ಕೋರ್ಸಿನಲ್ಲಿ ಹೇಳಿಕೊಡಲಿಲ್ಲ. ಸಾಫ್ಟ್‌ವೇರಿನ ಬಟನ್ನುಗಳನ್ನು ಮಾತ್ರ ಹೇಳಿಕೊಟ್ಟರು.

ಫ್ರೇಮ್ 24

ನಾನು ಹರಿಹರದವನು, ಈಗ ಬೆಂಗಳೂರಿನಲ್ಲಿ ಅನಿಮೇಷನ್ ಸೂಪರ್‌ವೈಸರ್. ಮೇಡಂ ಬರೆದದ್ದು ಓದಿ ಬೇಸರ ಆಯಿತು, ಆದರೆ ಒಂದು ಮಾತು ಹೇಳಲೇಬೇಕು. ಶಾಟ್ ನೋಡುವಾಗ ಅದನ್ನು ಗಂಡು ಮಾಡಿದ್ದೋ ಹೆಣ್ಣು ಮಾಡಿದ್ದೋ ಅಂತ ನಾವು ನೋಡುವುದಿಲ್ಲ. ಕತ್ತಲೆ ಕೋಣೆ, ಪರದೆ, ಶಾಟ್, ಅಷ್ಟೇ. ಚೆನ್ನಾಗಿದ್ದರೆ ಪಾಸು. ಇನ್ನೊಂದು, ಈ ಕೆಲಸ ಗಂಡಸರನ್ನೂ ಹಿಂಡುತ್ತದೆ. ಡೆಡ್‌ಲೈನ್ ವಾರದಲ್ಲಿ ಹದಿನಾಲ್ಕು ಗಂಟೆ ಕೂತು ಬೆನ್ನು ಕೆಡಿಸಿಕೊಂಡ ಗೆಳೆಯರಿದ್ದಾರೆ. ರಿವ್ಯೂ ರಾತ್ರಿಗೆ ಹೋಗುವುದು ನಮ್ಮ ಇಷ್ಟದಿಂದಲ್ಲ, ಲಂಡನ್ನಿನ ಗ್ರಾಹಕ ರಿವ್ಯೂಗೆ ಕೂರುವ ಹೊತ್ತಿಗೆ ಇಲ್ಲಿ ಸಂಜೆಯಾಗಿರುತ್ತದೆ.

ಕೋಟೆ ಊರಿನವಳು

ಅಣ್ಣಾ, ಶಾಟ್ ಕತ್ತಲೆ ಕೋಣೆಗೆ ಬಂದ ಮೇಲೆ ನೀವು ಭೇದ ಮಾಡುವುದಿಲ್ಲ, ಒಪ್ಪಿದೆ. ಅದಕ್ಕೂ ಮುಂಚೆ ಬೆಳಿಗ್ಗೆ ಹತ್ತಕ್ಕೆ ಯಾವ ಶಾಟ್ ಯಾರಿಗೆ ಅಂತ ಹಂಚುತ್ತೀರಲ್ಲ, ನಾನು ಕೇಳುತ್ತಿರುವುದು ಆ ಹಂಚಿಕೆಯನ್ನು. ತಂತಿ ಅಳಿಸಿದ್ದನ್ನು ಎಷ್ಟು ಚೆನ್ನಾಗಿ ಅಳಿಸಿದರೂ ಅದು ಕಾಣಿಸಬಾರದ ಕೆಲಸ. ಕಾಣಿಸದ ಕೆಲಸಕ್ಕೆ ಯಾರು ಬಡ್ತಿ ಕೊಡುತ್ತಾರೆ?

ಹದಡಿ ರಸ್ತೆ ಮೇಡಂ

ಇದಕ್ಕೆ ಒಂದು ಹಳೆಯ ಉದಾಹರಣೆ. ರೆಟ್ಟಾ ಸ್ಕಾಟ್ ಅನ್ನುವ ಕಲಾವಿದೆ ಡಿಸ್ನಿಯಲ್ಲಿ ಅನಿಮೇಟರ್ ಅಂತ ತೆರೆಯ ಮೇಲೆ ಹೆಸರು ಪಡೆದ ಮೊದಲ ಮಹಿಳೆ. 1942ರ ಜಿಂಕೆಮರಿಯ ಚಿತ್ರ ಬ್ಯಾಂಬಿಯಲ್ಲಿ ಬೇಟೆನಾಯಿಗಳ ಹಿಂಡು ಬೆನ್ನಟ್ಟುವ ದೃಶ್ಯ ಅವರದು. ಹಲ್ಲು ಕಿರಿದು ನುಗ್ಗುವ ಆ ನಾಯಿಗಳನ್ನು ನೋಡಿದರೆ ಇವತ್ತಿಗೂ ಮೈ ನಡುಗುತ್ತದೆ. 1938ರಲ್ಲಿ "ಹುಡುಗಿಯರು ಗೆರೆ ತಿದ್ದುತ್ತಾರೆ ಅಷ್ಟೇ" ಅಂದ ಮನೆಯಲ್ಲೇ ನಾಲ್ಕು ವರ್ಷಕ್ಕೆ ಹೀಗಾಯಿತು. ಯಾರೋ ಒಬ್ಬರು ಮೊಲದ ಮರಿಯ ಬದಲು ನಾಯಿಗಳನ್ನು ಅವರ ಕೈಗೆ ಕೊಟ್ಟರು, ಅದಕ್ಕೇ ಆಯಿತು. ನನ್ನ ಮಂಡಕ್ಕಿ ಭಟ್ಟಿ ಹುಡುಗಿಗೆ ಆ ನಾಯಿಗಳು ಸಿಗಲಿಲ್ಲ.

ನಿಟುವಳ್ಳಿ ವಿದ್ಯಾರ್ಥಿನಿ

ನಾನು ಎರಡನೇ ವರ್ಷ. ಎಲ್ಲರೂ ಕೆಲಸದ ಬಗ್ಗೆ ಹೇಳುತ್ತಿದ್ದೀರಿ, ನಾನು ಕಲಿಯುವಾಗಿನದ್ದೇ ಹೇಳುತ್ತೇನೆ. ನಮ್ಮ ಲ್ಯಾಬ್ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ನನ್ನ ಹಾಸ್ಟೆಲ್ ಗೇಟು ಆರೂವರೆಗೆ ಹಾಕುತ್ತಾರೆ. ಹುಡುಗರ ಹಾಸ್ಟೆಲ್ಲಿಗೆ ಗೇಟೇ ಇಲ್ಲ. ದಿನಕ್ಕೆ ಎರಡೂವರೆ ಗಂಟೆ ಅಂದರೆ ವಾರಕ್ಕೆ ಆರು ದಿನ, ಹದಿನೈದು ಗಂಟೆ. ಮೂರು ವರ್ಷಕ್ಕೆ ಲೆಕ್ಕ ಹಾಕಿ. ಕೊನೆಗೆ ರೀಲ್ ನೋಡಿ "ಇವರದು ಇನ್ನೂ ಸ್ವಲ್ಪ ಪಳಗಬೇಕು" ಅನ್ನುತ್ತಾರೆ.

ರಜೆಗೆ ಊರಿಗೆ ಹೋದರೆ ಮನೆಯ ಲ್ಯಾಪ್‌ಟಾಪ್ ಅಣ್ಣನದು. ರಾತ್ರಿ ರೆಂಡರ್ ಹಾಕಿ, ಅಂದರೆ ಒಂದೊಂದೇ ಫ್ರೇಮಿನ ಅಂತಿಮ ಚಿತ್ರ ತಯಾರಿಸಲು ಕಂಪ್ಯೂಟರಿಗೆ ಬಿಟ್ಟು, ಮಲಗಿದ್ದೆ, ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ಅಪ್ಪ ಎದ್ದು ಆಫ್ ಮಾಡಿದರು. ಬೆಳಿಗ್ಗೆ ಎದ್ದು ನೋಡಿದರೆ 240 ಫ್ರೇಮಿನಲ್ಲಿ 61 ಆಗಿತ್ತು. ಅತ್ತುಬಿಟ್ಟೆ.

ಜಗಳೂರಿನ ಅಪ್ಪ

ಆಫ್ ಮಾಡಿದ ಅಪ್ಪ ನಾನೂ ಆಗಿರಬಹುದಿತ್ತು ಮಗಳೇ. ರೆಂಡರ್ ಅಂದ್ರೆ ರಾತ್ರಿ ಎಲ್ಲಾ ಓಡ್ಬೇಕು ಅನ್ನೋದು ನಮಗೆ ಗೊತ್ತಿರಲ್ಲ. ಭತ್ತಕ್ಕೆ ನೀರು ಬಿಟ್ಟಂಗೆ, ನಡುವೆ ನಿಲ್ಲಿಸಬಾರ್ದು ಅಂತ ಒಂದು ಮಾತು ಹೇಳಿದ್ರೆ ಯಾವ ರೈತನಿಗೂ ತಿಳೀತದೆ. ಹೇಳು ಮನ್ಯಾಗೆ.

ಚಳ್ಳಕೆರೆ ಡ್ರಾಯಿಂಗ್ ಮಾಸ್ತರು

ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲೆ ಶಿಕ್ಷಕನಾಗಿ 22 ವರ್ಷ. ಮೇಡಂ ಹೇಳಿದ ದಾರಿ ತಪ್ಪುವುದು ಕಾಲೇಜಿಗಿಂತ ಬಹಳ ಮುಂಚೆಯೇ ಶುರುವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಆರಿಸುವಾಗ ನಾವೇನು ಮಾಡುತ್ತೇವೆ ನೋಡಿ. ಹುಡುಗಿಯರು ರಂಗೋಲಿಗೆ, ಹುಡುಗರು ಕ್ಲೇ ಮಾಡೆಲಿಂಗಿಗೆ. ಹುಡುಗಿ ಬರೆದರೆ "ಎಷ್ಟು ಅಚ್ಚುಕಟ್ಟು" ಅನ್ನುತ್ತೇವೆ, ಹುಡುಗ ಬರೆದರೆ "ಏನು ಕಲ್ಪನೆ ಇವನದು" ಅನ್ನುತ್ತೇವೆ. ಎಂಟನೇ ತರಗತಿಯಿಂದ ಹತ್ತರವರೆಗೆ ಇದೇ ಮಾತು ಕೇಳಿದ ಹುಡುಗಿ ತನ್ನ ಕೆಲಸ ಅಚ್ಚುಕಟ್ಟು ಮಾಡುವುದು ಅಂತಲೇ ನಂಬಿಬಿಡುತ್ತಾಳೆ. ಬೆಂಗಳೂರಿನವರು ಆಮೇಲೆ ಅದೇ ಮಾತು ಹೇಳಿದಾಗ ಅವಳಿಗೆ ಅದು ಹೊಸದಲ್ಲ, ಅದಕ್ಕೇ ವಾದ ಮಾಡುವುದಿಲ್ಲ.

ನಾನು ಒಂಬತ್ತನೇ ತರಗತಿಗೆ ಪ್ರತಿ ವರ್ಷ ಒಂದು ಪಾಠ ಮಾಡುತ್ತೇನೆ, ಪಠ್ಯದಲ್ಲಿ ಇಲ್ಲದ್ದು. ನಮ್ಮ ಕಡೆಯ ತೊಗಲು ಗೊಂಬೆ. ಹದ ಮಾಡಿದ ತೊಗಲಿನಲ್ಲಿ ತೋಳು, ಮುಂಗೈ, ಸೊಂಟ, ಕಾಲು ಬೇರೆ ಬೇರೆ ಕತ್ತರಿಸಿ ಕೀಲಿನಲ್ಲಿ ದಾರ ಹಾಕಿ ಕಟ್ಟುತ್ತಾರೆ. ಮಕ್ಕಳಿಗೆ ರಟ್ಟಿನಲ್ಲಿ ಮಾಡಿಸುತ್ತೇನೆ. ನಿಮ್ಮ ಕಂಪ್ಯೂಟರಿನ ರಿಗ್ಗಿಂಗ್ ಅಂದರೆ ಇದೇ ಅಲ್ಲವೇ? ಕೀಲು ಎಲ್ಲಿ ಹಾಕಬೇಕು, ಯಾವುದು ಅಲ್ಲಾಡಿದರೆ ಯಾವುದು ಜೊತೆಗೆ ಬರಬೇಕು ಅನ್ನುವುದು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, 96ನೇ ವಯಸ್ಸಿನಲ್ಲಿ. ಆ ಅಜ್ಜಿಯ ಫೋಟೋ ತರಗತಿಯಲ್ಲಿ ಅಂಟಿಸಿದ್ದೇನೆ. ಪಕ್ಕದಲ್ಲಿ ಲೊಟ್ಟೆ ರೈನಿಗರ್ ಅವರದು. ಜರ್ಮನಿಯ ಆ ಹೆಣ್ಣುಮಗಳು ಕತ್ತರಿ ಹಿಡಿದು ಕಪ್ಪು ಕಾಗದದ ಕೀಲುಗೊಂಬೆ ಮಾಡಿ, ಫ್ರೇಮಿನಿಂದ ಫ್ರೇಮಿಗೆ ಸರಿಸಿ 1926ರಲ್ಲಿ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ ತೆಗೆದರು. ಈಗ ಉಳಿದಿರುವ ಅಂಥ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಹೆಂಗಸರು ಈ ಕಲೆಗೆ ತಡವಾಗಿ ಬಂದವರಲ್ಲ ಅಂತ ಮಕ್ಕಳಿಗೆ ಈ ಎರಡು ಫೋಟೋ ನೋಡಿದ ಕೂಡಲೇ ಅರ್ಥವಾಗುತ್ತದೆ.

ಕಷ್ಟ ಒಂದೇ. ಜನವರಿ ಬಂತೆಂದರೆ ಚಿತ್ರಕಲೆ ಪಿರಿಯಡ್ಡು ಗಣಿತಕ್ಕೆ ಹೋಗುತ್ತದೆ.

ಹರಿಹರದ ಮನೆಯಿಂದ

ಮದುವೆಯಾದ ಮೇಲೆ ಬಿಟ್ಟವರು ಅಂತ ಮೇಡಂ ಬರೆದಿದ್ದಾರೆ. ನಾನು ಅರ್ಧ ಬಿಟ್ಟವಳು. ಮನೆಯಿಂದಲೇ ಪಾಠದ ವಿಡಿಯೋಗಳಿಗೆ, ಆಸ್ಪತ್ರೆ ಜಾಹೀರಾತುಗಳಿಗೆ ಅನಿಮೇಷನ್ ಮಾಡಿಕೊಡುತ್ತೇನೆ. ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದರಿಂದ ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇದೇ ಬ್ಲೆಂಡರಿನಲ್ಲಿ ಮಾಡಿದ ಲಾಟ್ವಿಯಾ ದೇಶದ ಬೆಕ್ಕಿನ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂದಾಗ ನಮ್ಮ ಮನೆಯವರಿಗೆ ಕರೆದು ತೋರಿಸಿದೆ. ಕೆಲಸ ಇದೆ, ದುಡ್ಡೂ ಬರುತ್ತದೆ.

ಆದರೆ ಮನೆಯಿಂದ ಕೆಲಸ ಹೆಂಗಸರಿಗೆ ವರ ಅಂತ ಹೇಳುವವರಿಗೆ ಒಂದು ಮಾತು. ನಾಲ್ಕು ವರ್ಷದಿಂದ ನನ್ನ ಕೆಲಸವನ್ನು ತಿದ್ದಿ ಹೇಳುವವರು ಯಾರೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತವನ ಪರದೆಗೆ ಇಣುಕಿ ಕಲಿಯುವುದಿದೆಯಲ್ಲ, ಅದು ನಿಂತುಹೋಗಿದೆ. ಯಾವ ವಿಡಿಯೋದಲ್ಲೂ ನನ್ನ ಹೆಸರಿಲ್ಲ. ಕುಕ್ಕರ್ ಮೂರು ವಿಸಿಲ್ ಆಗುವುದರೊಳಗೆ ಒಂದು ಕೀ ಫ್ರೇಮ್, ಅಂದರೆ ಚಲನೆಯ ಒಂದು ಮುಖ್ಯ ಭಂಗಿ, ಹಾಕುವುದನ್ನು ಕಲಿತಿದ್ದೇನೆ. ದೊಡ್ಡದೊಂದು ಶಾಟ್ ಬಗ್ಗೆ ಇಡೀ ದಿನ ಯೋಚಿಸುವುದು ಮರೆತುಹೋಗಿದೆ. ನನಗೆ ಬೇಕಿರುವುದು ಊರಲ್ಲೇ ನಾಲ್ಕು ಜನ ಒಟ್ಟಿಗೆ ಕೂರುವ ಜಾಗ.

ಹದಡಿ ರಸ್ತೆ ಮೇಡಂ

ನಿಮ್ಮ ಕೊನೆಯ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಇದಕ್ಕೆ ಜಪಾನಿನ ಒಂದು ಸಂಗತಿ ಹೇಳಲೇಬೇಕು. ಯೊಕೊ ಹಟ್ಟಾ ಅನ್ನುವವರು ಟೋಕಿಯೋದ ಸ್ಟುಡಿಯೋದಲ್ಲಿ ಬಣ್ಣ ತುಂಬುತ್ತಿದ್ದವರು. ಮದುವೆಯಾಗಿ ಕ್ಯೋಟೋ ಕಡೆ ಬಂದರು. ಸುಮ್ಮನೆ ಕೂರಲಿಲ್ಲ. ನೆರೆಹೊರೆಯ ಗೃಹಿಣಿಯರನ್ನು ಸೇರಿಸಿಕೊಂಡು ಅದೇ ಬಣ್ಣ ತುಂಬುವ ಕೆಲಸ ತರಿಸಿಕೊಂಡು ಮಾಡತೊಡಗಿದರು. 1981ರಲ್ಲಿ ಶುರುವಾದ ಆ ಗುಂಪೇ ಇವತ್ತಿನ ಕ್ಯೋಟೋ ಅನಿಮೇಷನ್. ಬಣ್ಣದಿಂದ ಗೆರೆಗೆ, ಗೆರೆಯಿಂದ ಕಥೆಗೆ ಬೆಳೆದರು. ತಮ್ಮದೇ ತರಬೇತಿ ಶಾಲೆ ಕಟ್ಟಿದರು. ಜಪಾನಿನಲ್ಲಿ ಬಹಳ ಕಡೆ ಚಿತ್ರಕ್ಕಿಷ್ಟು ಅಂತ ಕೂಲಿ ಲೆಕ್ಕ ಇದ್ದರೆ ಇವರು ತಿಂಗಳ ಸಂಬಳ ಕೊಟ್ಟರು. ಅಲ್ಲಿ ಇನ್‌ಬಿಟ್ವೀನ್, ಅಂದರೆ ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು, ಬರೆಯುತ್ತಾ ಸೇರಿದ ನವೊಕೊ ಯಮಾಡಾ ಅಲ್ಲೇ ನಿರ್ದೇಶಕಿಯಾದರು.

ಕರ್ನಾಟಕ 2012ರಲ್ಲೇ ಅನಿಮೇಷನ್ ಕ್ಷೇತ್ರಕ್ಕೆ ನೀತಿ ತಂದಿತು, ದೇಶದಲ್ಲೇ ಮೊದಲು. 2024ರಿಂದ 2029ರ ಹೊಸ ನೀತಿಯಲ್ಲಿ 30,000 ಉದ್ಯೋಗದ ಗುರಿ ಇದೆ. ಒಳ್ಳೆಯದೇ. ಅದರಲ್ಲಿ ನೂರಾದರೂ ದಾವಣಗೆರೆ, ಚಿತ್ರದುರ್ಗದಲ್ಲಿ ಹುಟ್ಟಿದರೆ ಜಗಳೂರಿನ ಅಪ್ಪನ ಅರ್ಧ ಭಯ ಹೋಗುತ್ತದೆ. ಇಲ್ಲಿ 1964ರಿಂದ ನಡೆದು ಬಂದಿರುವ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಮನೆ ಬಾಡಿಗೆ ಬೆಂಗಳೂರಿನಷ್ಟಿಲ್ಲ. ಬರೆಯುವ ಕೈಗಳೂ ಇವೆ, ಅಟ್ಟದ ಮೇಲೆ ಪೆನ್ ಟ್ಯಾಬ್ಲೆಟ್ ಇಟ್ಟುಕೊಂಡು.

ಒಂಟಿಯಾಗಿ ಮಾಡಿದವರೂ ಇದ್ದಾರೆ, ಅದನ್ನೂ ಮಕ್ಕಳಿಗೆ ತೋರಿಸುತ್ತೇನೆ. ನಮ್ಮ ದೇಶದ ಅನಿಮೇಷನ್ ಕಲಾವಿದೆ ಗೀತಾಂಜಲಿ ರಾವ್ ತಾವೇ ಕೂತು ಚಿತ್ರಿಸಿದ ಹದಿನೈದು ನಿಮಿಷದ ಚಿತ್ರ 2006ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಪ್ರಶಸ್ತಿ ಪಡೆಯಿತು. ಆದರೆ ಎಲ್ಲರೂ ಗೀತಾಂಜಲಿ ಆಗಲಿ ಅಂತ ಕೇಳುವುದು ನ್ಯಾಯವಲ್ಲ. ಸಾಧಾರಣ ಪ್ರತಿಭೆಯ ಹುಡುಗನಿಗೆ ಸಿಗುವ ಕೆಲಸ ಸಾಧಾರಣ ಪ್ರತಿಭೆಯ ಹುಡುಗಿಗೂ ಸಿಗಬೇಕು. ನಾನು ಕೇಳುವುದು ಇಷ್ಟೇ.

ಫ್ರೇಮ್ 24

ಎರಡು ದಿನ ಉತ್ತರ ಬರೆಯಲಿಲ್ಲ, ಯಾಕೆಂದರೆ ಕೋಟೆ ಊರಿನ ಅಕ್ಕ ಕೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ವರ್ಷದ ನನ್ನ ಹಂಚಿಕೆ ಪಟ್ಟಿ ತೆಗೆದು ನೋಡಿದೆ. ನನ್ನ ತಂಡದಲ್ಲಿ 17 ಜನ, 4 ಜನ ಹೆಣ್ಣುಮಕ್ಕಳು. ಪಾತ್ರ ಮಾತಾಡುವ, ಅಳುವ, ಹೊಡೆದಾಡುವ ಮುಖ್ಯ ಶಾಟುಗಳಲ್ಲಿ ಒಂದೇ ಒಂದು ಅವರಲ್ಲೊಬ್ಬರಿಗೆ ಹೋಗಿದೆ. ಮಿಕ್ಕಿದ್ದೆಲ್ಲ ಹಿನ್ನೆಲೆಯ ಗುಂಪು, ತಿದ್ದುಪಡಿ. ನಾನು ಬೇಕಂತ ಮಾಡಿದ್ದಲ್ಲ. ಆದರೆ ಪಟ್ಟಿಯಲ್ಲಿರುವುದು ನನ್ನ ಕೈಬರಹವೇ.

ಲಂಡನ್ನಿನ ಹೊತ್ತನ್ನು ನಾನು ಬದಲಾಯಿಸಲಾರೆ. ಅವರ ಕರೆಗೆ ಮೊದಲು ಮಧ್ಯಾಹ್ನ ಮೂರಕ್ಕೆ ಒಳಗಿನ ರಿವ್ಯೂ ಇಡಬಹುದು, ಅದರಲ್ಲಿ ಶಾಟ್ ಮಾಡಿದವರೇ ಮಾತಾಡಬೇಕು ಅಂತ ಮಾಡಬಹುದು. ಮುಂದಿನ ಪ್ರಾಜೆಕ್ಟಿನಿಂದ ಹಾಗೆ ಮಾಡುತ್ತೇನೆ. ಮೇಡಂ, ಆ ಮಂಡಕ್ಕಿ ಭಟ್ಟಿ ಹುಡುಗಿಯ ರೀಲ್ ಇದ್ದರೆ ನನಗೆ ಕಳಿಸಿ. ಕೆಲಸ ಕೊಡಿಸುತ್ತೇನೆ ಅಂತ ಮಾತು ಕೊಡಲಾರೆ. ನೋಡುತ್ತೇನೆ.

ನಿಟುವಳ್ಳಿ ವಿದ್ಯಾರ್ಥಿನಿ

ಹಾಸ್ಟೆಲ್ ಗೇಟಿನ ವಿಷಯಕ್ಕೆ ಯಾರೂ ಏನೂ ಹೇಳಲಿಲ್ಲ.

ಹದಡಿ ರಸ್ತೆ ಮೇಡಂ

ಹೌದಮ್ಮಾ, ತಪ್ಪಾಯಿತು. ಗೇಟು ನನ್ನ ಕೈಯಲ್ಲಿಲ್ಲ, ಲ್ಯಾಬ್ ಇದೆ. ನೀನು ನಮ್ಮ ಸಂಸ್ಥೆಯವಳಲ್ಲ, ಆದರೂ ಬಾ. ನಮ್ಮಲ್ಲಿ ಇನ್ನು ಮೇಲೆ ಬೆಳಿಗ್ಗೆ ಆರೂವರೆಗೇ ಬೀಗ ತೆಗೆಯುತ್ತೇವೆ. ರೆಂಡರ್ ಹಾಕಿ ಹೋದರೆ ಯಾರೂ ಆಫ್ ಮಾಡದ ಹಾಗೆ ಎರಡು ಸಿಸ್ಟಂ ಮೀಸಲಿಡುತ್ತೇನೆ. ನಿನ್ನ ವಾರ್ಡನ್ ಹತ್ತಿರ ಮಾತಾಡಲು ಹೆತ್ತವರು ನಾಲ್ಕು ಜನ ನನ್ನ ಜೊತೆ ಬಂದರೆ ಒಳ್ಳೆಯದು, ಒಬ್ಬಳೇ ಹೋದರೆ ಕೇಳುವುದಿಲ್ಲ.

ಈ ಸಲದ ಗುಂಪು ಪ್ರಾಜೆಕ್ಟಿನಲ್ಲಿ ನಿರ್ದೇಶನ ಸರದಿಯ ಮೇಲೆ. ಪ್ರತಿಯೊಬ್ಬರೂ ಮೂವತ್ತು ಸೆಕೆಂಡು ನಿರ್ದೇಶಿಸಬೇಕು, ಮೂವತ್ತು ಸೆಕೆಂಡು ಬಣ್ಣ ತುಂಬಬೇಕು, ಹುಡುಗರೂ ಸೇರಿ. ಎಲ್ಲರೂ ತಮ್ಮ ಶಾಟನ್ನು ಎದ್ದು ನಿಂತು ಸಮರ್ಥಿಸಬೇಕು. ಕೋಟೆ ಊರಿನವಳು ಒಂದು ಭಾನುವಾರ ಬಂದು ಆಫರ್ ಲೆಟರ್ ಓದುವುದು ಹೇಗೆ ಅಂತ ಪಾಠ ಮಾಡುತ್ತೇನೆ ಅಂದಿದ್ದಾರೆ.

ಭಟ್ಟಿ ಹುಡುಗಿಗೆ ನಿನ್ನೆ ಫೋನ್ ಮಾಡಿದ್ದೆ. ರೀಲ್ ಇದ್ದ ಹಾರ್ಡ್ ಡಿಸ್ಕ್ ಕೆಟ್ಟಿದೆಯಂತೆ. ಆ 24 ಹಾಳೆಗಳು ನನ್ನ ಕಪಾಟಿನಲ್ಲೇ ಇವೆ, ಹಾಜರಿ ಪುಸ್ತಕದ ಕೆಳಗೆ ಇದ್ದವು. ಇವತ್ತು ಸ್ಕ್ಯಾನ್ ಮಾಡಿ ಕಳಿಸಿದೆ.

ಜಗಳೂರಿನ ಅಣ್ಣಾ, ಶನಿವಾರ ಹನ್ನೊಂದಕ್ಕೆ ಮಗಳನ್ನು ಕರೆದುಕೊಂಡು ಬನ್ನಿ. ಅಂಕಪಟ್ಟಿ ಬೇಡ. ಅವಳ ಹಳೇ ನೋಟ್‌ಬುಕ್ಕುಗಳನ್ನು ತನ್ನಿ, ಹಿಂದಿನ ಪುಟಗಳಲ್ಲಿ ಗೀಚಿರುತ್ತಾಳಲ್ಲ, ಅವನ್ನು ನೋಡಬೇಕು.

ಜಗಳೂರಿನ ಅಪ್ಪ

ಒಂಬತ್ತರ ಬಸ್ಸಿಗೆ ಹೊರಡ್ತೀವ್ರಿ. ನೋಟ್‌ಬುಕ್ಕು ಒಂದು ಚೀಲ ಐತೆ, ಅವ್ಳಮ್ಮ ರದ್ದಿಗೆ ಹಾಕಿದ್ದನ್ನ ಇವತ್ತೇ ಎತ್ತಿಟ್ಟೀನಿ.